ಐದು ರೂಪಾಯಿ ಅದೇ, ಏಳು ಗ್ರಾಂ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಇರುವವರು. ಊರು ಧಾರವಾಡದ ಕಡೆ. ಮನೆಯಲ್ಲಿ ಐದು ಜನ. ಮದುವೆಯಾಗಿ ಬಂದಾಗಿನಿಂದ ದಿನಸಿ ಲೆಕ್ಕ ಬರೆದಿಡುವ ರೂಢಿ ನನಗೆ. ಈಗೀಗ ಲೆಕ್ಕ ಹೊಂದುತ್ತಿಲ್ಲ. ರೇಟು ಹೆಚ್ಚುಕಡಿಮೆ ಅದೇ ಇದೆ, ಆದ್ರೆ ಸಾಮಾನು ತಿಂಗಳು ಪೂರ್ತಿ ಬರುವುದಿಲ್ಲ. ಎಣ್ಣೆ ಬೇಗ ಮುಗಿಯುತ್ತದೆ, ಸೋಪು ಬೇಗ ಸವೆಯುತ್ತದೆ. ಮಕ್ಕಳೇ ಜಾಸ್ತಿ ಬಳಸುತ್ತಿದ್ದಾರೆ ಅಂತ ಅವರನ್ನು ಬೈದೆ. ಮೊನ್ನೆ ಡಬ್ಬಿಗಳ ಹಿಂದೆ ಕಳೆದ ನವೆಂಬರಿನ ಬಿಸ್ಕೆಟ್ ಪ್ಯಾಕೆಟ್ ಒಂದು ಸಿಕ್ಕಿತು. ಅದರ ಮೇಲೆ 66 ಗ್ರಾಂ ಅಂತ ಇದೆ. ಈಗ ತಂದಿದ್ದರ ಮೇಲೆ 59 ಗ್ರಾಂ. ಎರಡಕ್ಕೂ 5 ರೂಪಾಯಿ. ವಿಚಿತ್ರ ಅಂದ್ರೆ ಎರಡರ ಮೇಲೂ ‘ಒಂದು ಗ್ರಾಂಗೆ ₹0.08’ ಅಂತಲೇ ಅಚ್ಚಾಗಿದೆ. ಹೊಸದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 57 ತೋರಿಸಿತು. ಅಂಗಡಿಯವನನ್ನು ಕೇಳಿದ್ರೆ “ಕಂಪನಿಯವರನ್ನ ಕೇಳಿ ಭಾಭಿ” ಅಂದ. ಇದು ಮೋಸ ಅಲ್ವಾ? ಇದಕ್ಕೆ ಕಾನೂನು ಇಲ್ವಾ? ದೊಡ್ಡ ಪ್ಯಾಕ್ ತರುವುದು ಒಳ್ಳೆಯದೋ, ಬಿಡಿ ಸಾಮಾನು ತರುವುದು ಒಳ್ಳೆಯದೋ?

ಉತ್ತರ: ಮೊದಲು ಮಕ್ಕಳಿಗೆ ಹೇಳಿಬಿಡಿ, ತಪ್ಪು ಅವರದಲ್ಲ. ನಿಮ್ಮ ಲೆಕ್ಕದ್ದೂ ಅಲ್ಲ. ನೀವು ಇಷ್ಟು ವರ್ಷ ರೂಪಾಯಿ ಬರೆದಿಟ್ಟಿರಿ. ಬದಲಾಗುತ್ತಿದ್ದದ್ದು ಗ್ರಾಂ.

ನಾನು ಠಾಣೆಯ ಒಂದು ತಿಂಡಿ ತಯಾರಿಸುವ ಕಂಪನಿಯಲ್ಲಿ 26 ವರ್ಷ ಕಾಸ್ಟಿಂಗ್ ವಿಭಾಗದಲ್ಲಿದ್ದೆ. ಯಾವ ಪ್ಯಾಕೆಟ್ಟಿನಲ್ಲಿ ಎಷ್ಟು ಗ್ರಾಂ ಇಳಿಸಿದರೆ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕವನ್ನು ನಾನೇ ಹಾಕಿದ್ದೇನೆ. ನಿವೃತ್ತಿಯಾದ ಮೇಲೆ ಮುಲುಂಡಿನಲ್ಲಿ ಗ್ರಾಹಕರ ದೂರು ಬರೆದುಕೊಡುವ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಮೇಜಿನ ಎರಡೂ ಕಡೆಯಿಂದ ನೋಡಬಲ್ಲೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಆ ₹0.08. ಅದನ್ನೇ ಮೊದಲು ಬಿಡಿಸೋಣ.

ಐದು ರೂಪಾಯಿಯನ್ನು 66ರಿಂದ ಭಾಗಿಸಿ. 0.0758 ಬರುತ್ತದೆ. 59ರಿಂದ ಭಾಗಿಸಿ, 0.0847. ಒಂದು ಕಿಲೋಗಿಂತ ಕಡಿಮೆ ತೂಕದ ಪ್ಯಾಕೆಟ್ ಆದರೆ ‘ಒಂದು ಗ್ರಾಂಗೆ ಎಷ್ಟು’ ಅಂತ ಅಚ್ಚು ಹಾಕಬೇಕು, ದಶಾಂಶದ ನಂತರ ಎರಡೇ ಅಂಕಿಗೆ ಹೊಂದಿಸಬೇಕು ಅನ್ನುವುದು ನಿಯಮ. ಹಾಗೆ ಹೊಂದಿಸಿದಾಗ ಮೊದಲನೆಯದು ಮೇಲಕ್ಕೆ ಹೋಗಿ 0.08 ಆಗುತ್ತದೆ. ಎರಡನೆಯದು ಕೆಳಕ್ಕೆ ಬಂದು 0.08 ಆಗುತ್ತದೆ. ನಿಜ ಹೇಳಬೇಕೆಂದರೆ, ಐದು ರೂಪಾಯಿ ಪ್ಯಾಕೆಟ್ಟಿನಲ್ಲಿ 59 ಗ್ರಾಂ ಹಾಕಲಿ, 66 ಗ್ರಾಂ ಹಾಕಲಿ, ನಡುವಿನ ಯಾವುದೇ ತೂಕ ಹಾಕಲಿ, ಲೇಬಲ್ಲಿನ ಮೇಲೆ ಬರುವುದು 0.08 ಮಾತ್ರ.

ಈಗ ಅದನ್ನೇ 100 ಗ್ರಾಂ ಲೆಕ್ಕದಲ್ಲಿ ನೋಡಿ. ಹಳೆಯದು 100 ಗ್ರಾಂಗೆ ₹7.58. ಹೊಸದು ₹8.47. ಅಂದರೆ ಸುಮಾರು ಶೇ. 12 ಜಾಸ್ತಿ ಕೊಡುತ್ತಿದ್ದೀರಿ. ದಿನಕ್ಕೊಂದು ಪ್ಯಾಕೆಟ್ ಖರ್ಚಾಗುವ ಮನೆಯಲ್ಲಿ ತಿಂಗಳಿಗೆ 210 ಗ್ರಾಂ ಕಡಿಮೆ, ಅಂದರೆ ಮೂರೂವರೆ ಪ್ಯಾಕೆಟ್. ಲೇಬಲ್ ಸುಳ್ಳು ಹೇಳಿಲ್ಲ. ಆದರೆ ನಿಮಗೆ ಬೇಕಾದದ್ದನ್ನೂ ಹೇಳಿಲ್ಲ. ಸಣ್ಣ ಪ್ಯಾಕೆಟ್ಟಿಗೆ ಗ್ರಾಂ ಬದಲು 100 ಗ್ರಾಂಗೆ ಬೆಲೆ ಅಚ್ಚು ಹಾಕಿಸಿದರೆ ಈ ಮುಸುಕು ಒಂದೇ ದಿನದಲ್ಲಿ ಹೋಗುತ್ತದೆ. ಇದು ಆಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಲೆ ಏರಿಸದೆ ಗ್ರಾಂ ಯಾಕೆ ಇಳಿಸುತ್ತಾರೆ? ಚಿಲ್ಲರೆ ಅದಕ್ಕೆ ದೊಡ್ಡ ಕಾರಣ. 25 ಪೈಸೆ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. 50 ಪೈಸೆ ಕಾನೂನಿನ ಪ್ರಕಾರ ಈಗಲೂ ಚಲಾವಣೆಯಲ್ಲಿದೆ, ಆದರೆ ಡೊಂಬಿವಲಿಯ ಯಾವ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆ ಹೇಳಿ? ಐದೂವರೆ ರೂಪಾಯಿ ಪ್ಯಾಕೆಟ್ ಮಾಡಿದರೆ ಅಂಗಡಿಯವರು ಇಡುವುದೇ ಇಲ್ಲ. ಆರು ಮಾಡಿದರೆ ಜನ ಪಕ್ಕದ ಕಂಪನಿಯ ಐದು ರೂಪಾಯಿಯದನ್ನು ಎತ್ತಿಕೊಳ್ಳುತ್ತಾರೆ. ಹಾಗಾಗಿ 5, 10, 20 ಅನ್ನುವ ಬೆಲೆಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ. ಆ ಐದು ರೂಪಾಯಿಯಲ್ಲಿ ಅಂಗಡಿಯವರ ಪಾಲು, ಡಿಸ್ಟ್ರಿಬ್ಯೂಟರ್ ಪಾಲು, ತೆರಿಗೆ, ಲಾರಿ ಬಾಡಿಗೆ, ಪ್ಯಾಕಿಂಗ್ ಫಿಲ್ಮ್ ಎಲ್ಲ ಕಳೆದ ಮೇಲೆ ಕೈಯಲ್ಲಿ ಆಡಿಸಲು ಉಳಿಯುವುದು ಒಂದೇ. ಒಳಗಿನ ಗ್ರಾಂ.

ಕಚ್ಚಾ ಸಾಮಾನಿನ ಬೆಲೆ ಏರಿದ್ದೂ ನಿಜ. ಬಿಸ್ಕೆಟ್ ಅಂದರೆ ಮೈದಾ, ಸಕ್ಕರೆ, ತಾಳೆ ಎಣ್ಣೆ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ಕೆಲವು ವಾರ ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು, ಮರುವರ್ಷ ಮೇ ಕೊನೆಗೆ ಶೇ. 10ಕ್ಕೆ ಇಳಿಸಿತು. ಇಂಥ ಏರಿಳಿತ ಬಂದಾಗ ಕಂಪನಿ ಏನಾದರೂ ಮಾಡಲೇಬೇಕು, ಅದನ್ನು ಒಪ್ಪುತ್ತೇನೆ. ನಾನು ಒಪ್ಪದ ಮಾತು ಬೇರೆ. ಎಣ್ಣೆ ತುಟ್ಟಿಯಾದಾಗ ಗ್ರಾಂ ಇಳಿಸುವ ಮೀಟಿಂಗ್ ಒಂದೇ ವಾರದಲ್ಲಿ ನಡೆಯುತ್ತಿತ್ತು. ಎಣ್ಣೆ ಅಗ್ಗವಾದಾಗ ಗ್ರಾಂ ವಾಪಸ್ ಕೊಡುವ ಮೀಟಿಂಗನ್ನು ನಾನು ಕಂಡದ್ದು ಬಹಳ ಅಪರೂಪ.

ಆ ಮೀಟಿಂಗುಗಳಲ್ಲಿ ಏನು ನಡೆಯುತ್ತಿತ್ತು ಅಂತ ಹೇಳುತ್ತೇನೆ. ಹಳೆ ಪ್ಯಾಕೆಟ್, ಹೊಸ ಪ್ಯಾಕೆಟ್ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡುತ್ತಿದ್ದೆವು. ಅಂಗಡಿಯ ಕೌಂಟರಿನಿಂದ ಗಿರಾಕಿ ನಿಲ್ಲುವಷ್ಟು ದೂರ ಹೋಗಿ ನೋಡುತ್ತಿದ್ದೆವು. ವ್ಯತ್ಯಾಸ ಕಂಡರೆ ಡಿಸೈನ್ ವಾಪಸ್ ಹೋಗುತ್ತಿತ್ತು. ಬಿಸ್ಕೆಟ್ಟಿನ ಸಂಖ್ಯೆ ಅಷ್ಟೇ ಇಟ್ಟು ದಪ್ಪ ಒಂಚೂರು ಕಡಿಮೆ ಮಾಡುವುದು ಒಂದು ದಾರಿ. ಒಂದು ಬಿಸ್ಕೆಟ್ ತೆಗೆದು, ಪ್ಯಾಕೆಟ್ಟಿನ ಎರಡು ತುದಿಯ ಮಡಿಕೆಯನ್ನು ಉದ್ದ ಮಾಡುವುದು ಇನ್ನೊಂದು. ಸೋಪಿನಲ್ಲಾದರೆ ನಡುವೆ ಚಂದದ ತಗ್ಗು ಮಾಡುತ್ತಾರೆ. ಕೈಗೆ ಹಿಡಿಯಲು ಹಿತ ಅನಿಸುತ್ತದೆ, ಆ ತಗ್ಗಿನಷ್ಟು ಸೋಪು ಉಳಿಯುತ್ತದೆ. ಬಾಟಲಿಯನ್ನು ಮಗುಚಿ ತಳ ನೋಡಿ, ಎಷ್ಟೋ ಸಲ ಒಳಕ್ಕೆ ಗುಳಿ ಬಿದ್ದಿರುತ್ತದೆ.

ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆವು. ಆದರೆ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಗೊತ್ತಾಗಿತ್ತು. ರಾತ್ರಿ ಪಾಳಿ ಮುಗಿಸಿ ಅವನು ಮಾಡುತ್ತಿದ್ದ ನಾಷ್ಟಾ ಅಂದರೆ ಒಂದು ಕಟಿಂಗ್ ಚಹಾ, ಒಂದು ಐದು ರೂಪಾಯಿ ಬಿಸ್ಕೆಟ್. ಪ್ರತಿ ಬಿಸ್ಕೆಟ್ಟನ್ನು ಎರಡು ತುಂಡು ಮಾಡಿ ಅದ್ದಿ ತಿನ್ನುತ್ತಿದ್ದ. ಒಂದು ದಿನ “ಸಾಬ್, ಒಂದು ಬಿಸ್ಕೆಟ್ ಕಮ್ಮಿ ಆಗಿದೆ, ಚಹಾ ಉಳೀತದೆ” ಅಂದ. ಕಟಿಂಗ್ ಚಹಾ ಅರ್ಧ ಗ್ಲಾಸು ಅಂತ ಎಲ್ಲರಿಗೂ ಗೊತ್ತು, ಹೇಳಿಯೇ ಕೊಡುತ್ತಾರೆ. ಬಿಸ್ಕೆಟ್ ಕಡಿಮೆಯಾದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಈ ಸಣ್ಣ ಪ್ಯಾಕೆಟ್ಟುಗಳನ್ನು ಜಾಸ್ತಿ ಕೊಳ್ಳುವವರು ದಿನಗೂಲಿಯವರು, ಕೈಯಲ್ಲಿ ಹತ್ತು ರೂಪಾಯಿ ಇಟ್ಟುಕೊಂಡು ಅಂಗಡಿಗೆ ಬರುವವರು. ಏಳು ಗ್ರಾಂ ಅವರ ತಟ್ಟೆಯಿಂದಲೇ ಮೊದಲು ಹೋಗುತ್ತದೆ. ನನಗೆ ಈ ವಿಷಯ ಇವತ್ತಿಗೂ ಚುಚ್ಚುವುದು ಅದಕ್ಕೇ.

ಇನ್ನು ಕಾನೂನು. ತೂಕ ಇಳಿಸುವುದು ಅಪರಾಧವಲ್ಲ. ಇಳಿಸಿದ ತೂಕವನ್ನು ಪ್ಯಾಕೆಟ್ಟಿನ ಮೇಲೆ ಸರಿಯಾಗಿ ಬರೆದರೆ ಸಾಕು. ‘ಮೊದಲು ಇಷ್ಟಿತ್ತು, ಈಗ ಇಷ್ಟು’ ಅಂತ ಹೇಳಬೇಕೆಂಬ ನಿಯಮ ನಮ್ಮಲ್ಲಿಲ್ಲ. ಫ್ರಾನ್ಸಿನಲ್ಲಿ 2024ರ ಜುಲೈಯಿಂದ ದೊಡ್ಡ ಅಂಗಡಿಗಳು ಹಾಗೆ ಬೋರ್ಡ್ ಹಾಕಲೇಬೇಕು. ನಮ್ಮಲ್ಲಿ ಪೊಟ್ಟಣದ ಸಾಮಾನುಗಳಿಗೆ 2011ರ ನಿಯಮಾವಳಿ ಇದೆ. ಅದರಲ್ಲಿ ಬಿಸ್ಕೆಟ್, ಚಹಾ, ಕಾಫಿ, ಸೋಪು, ಎಣ್ಣೆ ಇಂಥ ಸಾಮಾನುಗಳನ್ನು ನಿಗದಿ ಮಾಡಿದ ತೂಕದಲ್ಲೇ ಪ್ಯಾಕ್ ಮಾಡಬೇಕು ಅನ್ನುವ ಪಟ್ಟಿ ಇತ್ತು. 2021ರ ನವೆಂಬರಿನ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದರು. ಅದರ ಬದಲಿಗೆ ತಂದದ್ದೇ ಈ ಒಂದು ಗ್ರಾಂ, ಒಂದು ಕಿಲೋ ಲೆಕ್ಕದ ಬೆಲೆ.

ನಿಮ್ಮ ಎಣ್ಣೆ ಬೇಗ ಮುಗಿಯುವುದಕ್ಕೂ ಇದಕ್ಕೂ ಸಂಬಂಧ ಇದೆ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಆ ಪಟ್ಟಿ ಹೋದ ಮೇಲೆ 870, 850, 800 ಗ್ರಾಂ ಪ್ಯಾಕೆಟ್ಟುಗಳು ಬಂದವು. ನೋಡಲು ಎಲ್ಲ ಒಂದು ಲೀಟರ್ ಥರವೇ. ನೀವು ತಿಂಗಳಿಗೆ ಐದು ಪ್ಯಾಕೆಟ್ ತರುತ್ತೀರಿ ಅಂದುಕೊಳ್ಳಿ. 910ರ ಜಾಗದಲ್ಲಿ 850 ಬಂದರೆ 300 ಗ್ರಾಂ ಕಡಿಮೆ, ಎರಡು ದಿನದ ಅಡುಗೆಯ ಎಣ್ಣೆ. 800 ಬಂದರೆ ಮೂರೂವರೆ ದಿನದ್ದು. ಎಣ್ಣೆ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಮಿಲಿಲೀಟರ್ ಎಷ್ಟು, ಗ್ರಾಂ ಎಷ್ಟು ಅನ್ನುವ ಎರಡನ್ನೂ ಓದಿ. ಇದೊಂದು ಅಭ್ಯಾಸದಿಂದ ನಿಮ್ಮ ಮನೆಗೆ ಬಿಸ್ಕೆಟ್ಟಿಗಿಂತ ಜಾಸ್ತಿ ಉಳಿಯುತ್ತದೆ.

ತಕ್ಕಡಿ 57 ತೋರಿಸಿದ್ದು? ಅದಕ್ಕೆ ಗಾಬರಿ ಬೇಡ. ಯಂತ್ರ ತುಂಬುವಾಗ ಹೆಚ್ಚುಕಡಿಮೆ ಆಗುತ್ತದೆ ಅಂತ ಕಾನೂನೇ ಒಂದಷ್ಟು ಬಿಟ್ಟುಕೊಟ್ಟಿದೆ. 50ರಿಂದ 100 ಗ್ರಾಂ ಪ್ಯಾಕೆಟ್ಟಿನಲ್ಲಿ 4.5 ಗ್ರಾಂವರೆಗೆ ಕೊರತೆ ಇರಬಹುದು. ಆದರೆ ಹಲವು ಪ್ಯಾಕೆಟ್ ತೂಗಿದಾಗ ಸರಾಸರಿ ಬರೆದಷ್ಟು ಇರಲೇಬೇಕು. ಒಂದು ಕಡಿಮೆ ಬಂದರೆ ಅದು ಆಕಸ್ಮಿಕ. ಹತ್ತಕ್ಕೆ ಹತ್ತೂ ಕಡಿಮೆ ಬಂದರೆ ಅದು ದೂರು ಕೊಡುವ ವಿಷಯ. ಸೋಪು ಮಾತ್ರ ತೂಗಬೇಡಿ, ಅದರ ನೀರಿನಂಶ ಆರುತ್ತಾ ತೂಕ ತಾನಾಗಿ ಇಳಿಯುತ್ತದೆ. ‘ಪ್ಯಾಕ್ ಮಾಡಿದಾಗಿನ ತೂಕ’ ಅಂತ ಬರೆಯಲು ಅವರಿಗೆ ಅವಕಾಶ ಇದೆ.

ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮೊಹರಾದ ಪ್ಯಾಕೆಟ್ಟಿನಲ್ಲಿ ಅವನು ಮಾಡುವುದು ಏನೂ ಇಲ್ಲ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡರೆ ಮಾತ್ರ ಅದು ಅವನ ತಪ್ಪು, ‘ಫ್ರಿಜ್ ಚಾರ್ಜ್’ ಅಂತ ತಂಪು ಪಾನೀಯಕ್ಕೆ ಸೇರಿಸುವುದೂ ಸೇರಿ. ಚಿಪ್ಸ್ ಪ್ಯಾಕೆಟ್ಟಿನ ಗಾಳಿಯ ಬಗ್ಗೆಯೂ ಜನ ಬಹಳ ಕೇಳುತ್ತಾರೆ. ಅದು ಸಾರಜನಕ. ಚಿಪ್ಸ್ ಪುಡಿಯಾಗದಂತೆ, ಎಣ್ಣೆ ಕಮಟಾಗದಂತೆ ಕಾಯುತ್ತದೆ. ಗಾಳಿ ನೋಡಬೇಡಿ, ಗ್ರಾಂ ನೋಡಿ.

ನಿಮ್ಮ ಹಳೆ ಪ್ಯಾಕೆಟ್ ನವೆಂಬರಿನದು ಅಂದಿರಿ. ಇದು ನನ್ನ ಕಿವಿ ನೆಟ್ಟಗೆ ಮಾಡಿದ ಮಾತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕೆಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಸೋಪು, ಶಾಂಪೂ, ಟೂತ್‌ಪೇಸ್ಟಿಗೂ ಹಾಗೇ. ಲೆಕ್ಕದ ಪ್ರಕಾರ ಐದು ರೂಪಾಯಿ ಪ್ಯಾಕೆಟ್ ₹4.45 ಆಗಬೇಕು. ಆ ಬೆಲೆಗೆ ಚಿಲ್ಲರೆ ಎಲ್ಲಿಂದ ತರುವುದು? ಹಾಗಾಗಿ ಬೆಲೆ ಇಳಿಸುವ ಬದಲು ಗ್ರಾಂ ಏರಿಸುತ್ತೇವೆ ಅಂತ ಹಲವು ಕಂಪನಿಗಳು ಹೇಳಿದವು. ಈಗ ಈ ಲೆಕ್ಕ ನೋಡಿ. 59 ಗ್ರಾಂ ಪ್ಯಾಕೆಟ್ಟಿಗೆ ತೆರಿಗೆ ಇಳಿಕೆಯನ್ನೆಲ್ಲ ಗ್ರಾಂ ರೂಪದಲ್ಲಿ ಸೇರಿಸಿದರೆ ಬರುವುದು 66 ಗ್ರಾಂ. ನಿಮ್ಮ ಕೈಯಲ್ಲಿರುವ ಎರಡು ಸಂಖ್ಯೆಗಳು ಅವೇ. ತೆರಿಗೆಯ ಏಳು ಗ್ರಾಂ ನಿಮಗೆ ಬಂತು, ಕೆಲವೇ ತಿಂಗಳಲ್ಲಿ ವಾಪಸ್ ಹೋಯಿತು ಅಂತ ಈ ಎರಡು ಪ್ಯಾಕೆಟ್ ನೋಡಿ ಖಂಡಿತ ಹೇಳಲು ಬರುವುದಿಲ್ಲ. ಸೆಪ್ಟೆಂಬರಿಗೆ ಮೊದಲಿನ ಪ್ಯಾಕೆಟ್ ಒಂದು ಬೇಕು. ಅಕ್ಕಪಕ್ಕದ ಮನೆಯಲ್ಲಿ ಕೇಳಿ, ಹಳೆ ಬ್ಯಾಗಿನ ತಳದಲ್ಲಿ ಎಲ್ಲಾದರೂ ಸಿಗಬಹುದು.

ತೆರಿಗೆ ಇಳಿಕೆಯ ಲಾಭವನ್ನು ಗಿರಾಕಿಗೆ ಕೊಡದವರ ಮೇಲೆ ದೂರು ಕೇಳುವ ವ್ಯವಸ್ಥೆ ಜಿಎಸ್‌ಟಿ ಕಾನೂನಿನಲ್ಲಿ ಇತ್ತು. 2025ರ ಏಪ್ರಿಲ್ 1ರಿಂದ ಅಲ್ಲಿ ಹೊಸ ದೂರು ತೆಗೆದುಕೊಳ್ಳುವುದು ನಿಂತಿದೆ. ತೆರಿಗೆ ಇಳಿದದ್ದು ಅದಾದ ಐದೂವರೆ ತಿಂಗಳಿಗೆ. ಹಾಗಾಗಿ ಈಗ ಉಳಿದ ಸುಲಭದ ಬಾಗಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು. ಅವರು ಕಂಪನಿಗೆ ಬರೆದು ಉತ್ತರ ತರಿಸುತ್ತಾರೆ. ಕೋರ್ಟಿನ ಹಾಗೆ ತೀರ್ಪು ಕೊಡುವುದಿಲ್ಲ, ಅಷ್ಟು ತಿಳಿದಿರಲಿ. ತೂಕವೇ ಕಡಿಮೆ ಬಂದರೆ ಮಾತ್ರ ರಾಜ್ಯದ ಮಾಪನ ಇಲಾಖೆಗೆ ಹೋಗಿ. ಮಹಾರಾಷ್ಟ್ರದಲ್ಲಿ ಅದನ್ನು ‘ವೈಧ ಮಾಪನ ಶಾಸ್ತ್ರ’ ಅನ್ನುತ್ತಾರೆ. ಪ್ಯಾಕೆಟ್ ಒಡೆಯದೆ ಒಯ್ಯಿರಿ.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವ ನಂಬಿಕೆ ಬಿಡಿ. ನಮ್ಮ ದೇಶದಲ್ಲಿ ಶಾಂಪೂ ಎಷ್ಟೋ ಸಲ ಬಾಟಲಿಗಿಂತ ಸ್ಯಾಶೆಯಲ್ಲಿ ಅಗ್ಗ ಬೀಳುತ್ತದೆ. ಸಣ್ಣ ಪ್ಯಾಕಿನಲ್ಲಿ ಪೈಪೋಟಿ ಜಾಸ್ತಿ, ಅಲ್ಲಿ ಕಂಪನಿಗಳು ಕೈ ಬಿಗಿ ಹಿಡಿಯುವುದಿಲ್ಲ. ದೊಡ್ಡ ಪ್ಯಾಕ್ ತೆಗೆದುಕೊಳ್ಳುವವರು ಲೆಕ್ಕ ಹಾಕುವುದಿಲ್ಲ ಅಂತ ಅವರಿಗೆ ಗೊತ್ತು. ಅದಲ್ಲದೆ ಡಬ್ಬಿ ತುಂಬ ಇದ್ದರೆ ಕೈಯೂ ಧಾರಾಳ ಆಗುತ್ತದೆ. ಮನೆಗೆ ತಂದುಕೊಡುವ ಆ್ಯಪ್‌ಗಳಲ್ಲಿ ಬೆಲೆ ಹೋಲಿಸುವುದು ಸುಲಭ, ಆದರೆ ಕೊನೆಯಲ್ಲಿ ಸೇರುವ ಚಾರ್ಜುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಿಡಿ ಸಾಮಾನಿನ ಬಗ್ಗೆ ಕೇಳಿದಿರಿ. ಅಕ್ಕಿ, ಬೇಳೆ, ಗೋಧಿ ಬಿಡಿಯಾಗಿ ತಂದರೆ ಜಿಎಸ್‌ಟಿ ಇಲ್ಲ. ಲೇಬಲ್ ಹಾಕಿದ 25 ಕಿಲೋವರೆಗಿನ ಪ್ಯಾಕೆಟ್ಟಿಗೆ 2022ರ ಜುಲೈ 18ರಿಂದ ಶೇ. 5 ಇದೆ. ನಿಮ್ಮ ಕಣ್ಣೆದುರೇ ತೂಗುತ್ತಾರೆ, ಗ್ರಾಂ ಕದಿಯುವ ದಾರಿ ಇಲ್ಲ. ಆದರೆ ತಕ್ಕಡಿಯ ಮೇಲೆ ಮಾಪನ ಇಲಾಖೆಯ ಅವಧಿ ಮುಗಿಯದ ಮುದ್ರೆ ಇದೆಯಾ ನೋಡಿ. ಖಾರದ ಪುಡಿ, ಅರಿಶಿನ ಪುಡಿ, ಎಣ್ಣೆ ಬಿಡಿಯಾಗಿ ತರಲೇಬೇಡಿ. ಕಲಬೆರಕೆ ಜಾಸ್ತಿ ಆಗುವುದೇ ಅಲ್ಲಿ, ಆಹಾರ ಸುರಕ್ಷತೆಯ ನಿಯಮವೂ ಒಪ್ಪುವುದಿಲ್ಲ. ಇಡೀ ಮೆಣಸಿನಕಾಯಿ, ಕೊತ್ತಂಬರಿ ಬೀಜ ತಂದು ಗಿರಣಿಯಲ್ಲಿ ಪುಡಿ ಮಾಡಿಸಿ. ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತರಕಾರಿಯಲ್ಲೂ ಒಂದು ಮಾತು. ಸ್ಟೇಷನ್ ಹೊರಗೆ ರೇಟು ಏರಿದ ದಿನ “ತೀಸ್ ರುಪಯಾ ಪಾವ್” ಅಂತ ಕೂಗುತ್ತಾರೆ. ಪಾವ್ ಅಂದರೆ ಕಾಲು ಕಿಲೋ. ಕಿಲೋಗೆ 120 ಅಂದಿದ್ದರೆ ನೀವು ಮುಂದೆ ಹೋಗುತ್ತಿದ್ದಿರಿ ಅಲ್ವಾ?

ಮುಂಬಯಿ ಗ್ರಾಹಕ ಪಂಚಾಯತ್ ಹೆಸರು ಕೇಳಿರಬಹುದು. 1975ರಲ್ಲಿ ಶುರುವಾದದ್ದು. ಓಣಿಯ ಕೆಲವು ಮನೆಗಳು ಗುಂಪು ಕಟ್ಟಿ ತಿಂಗಳ ಸಾಮಾನಿಗೆ ಒಟ್ಟಿಗೆ ಪಟ್ಟಿ ಕೊಡುತ್ತಾರೆ. ಸಾಮಾನು ಒಂದು ಮನೆಗೆ ಬರುತ್ತದೆ, ಎಲ್ಲರೂ ಸೇರಿ ಹಂಚಿಕೊಳ್ಳುತ್ತಾರೆ. ಠಾಣೆ ಜಿಲ್ಲೆಯಲ್ಲೂ ಇದೆ. ತಿಂಗಳ ಮೊದಲೇ ಯೋಚಿಸಿ ಬರೆಯಬೇಕು, ಬೇಕಾದ ಬ್ರಾಂಡ್ ಎಲ್ಲ ಸಿಗುವುದಿಲ್ಲ, ಹಂಚುವ ದಿನ ಅರ್ಧ ದಿನ ಹೋಗುತ್ತದೆ. ಲೆಕ್ಕ ಬರೆಯುವ ರೂಢಿ ಇರುವ ನಿಮ್ಮಂಥವರಿಗೆ ಚೆನ್ನಾಗಿ ಹೊಂದುತ್ತದೆ ಅನಿಸುತ್ತದೆ.

ಇನ್ನೊಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತೂಕ ಅದೇ, ಬೆಲೆ ಅದೇ, ಒಳಗಿನ ಮಾಲು ಮಾತ್ರ ಸಪ್ಪೆ ಆಗುವುದು ಇದಕ್ಕಿಂತ ಕೆಟ್ಟದ್ದು. ಕಾಫಿ ಬೀಜದ ಬೆಲೆ ಏರಿದಾಗ ಪುಡಿಯಲ್ಲಿ ಚಿಕೋರಿಯ ಪಾಲು ಏರುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51 ಆದರೂ ಇರಬೇಕು, ಎಷ್ಟಿದೆ ಅಂತ ಬರೆದಿರಬೇಕು. ಮೊದಲು 70:30 ಇದ್ದದ್ದು ಈಗ 53:47 ಆಗಿದ್ದರೆ ನಿಮ್ಮ ಫಿಲ್ಟರಿಗೆ ಒಂದು ಚಮಚ ಪುಡಿ ಜಾಸ್ತಿ ಹೋಗುತ್ತದೆ. ಮಾಟುಂಗದಲ್ಲಿ ಕಣ್ಣೆದುರು ಪುಡಿ ಮಾಡಿಕೊಡುವ ಅಂಗಡಿಗಳಿವೆ, ಪ್ರಮಾಣ ನೀವೇ ಹೇಳಬಹುದು. ಸೋಪಿನ ಮೇಲೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟು ಅಂತ ಒಂದು ಸಂಖ್ಯೆ ಇರುತ್ತದೆ. 76 ಅಥವಾ ಜಾಸ್ತಿ ಇದ್ದರೆ ಮೊದಲ ದರ್ಜೆ. ‘ಬೇದಿಂಗ್ ಬಾರ್’ ಅಂತ ಬರೆದಿದ್ದರೆ ಆ ಅಂಶ ಬಹಳ ಕಡಿಮೆ ಇರಬಹುದು, ನೀರಿನಲ್ಲಿ ಬೇಗ ಕರಗುತ್ತದೆ. ಐಸ್‌ಕ್ರೀಮ್ ಜಾಗದಲ್ಲಿ ‘ಫ್ರೋಜನ್ ಡೆಸರ್ಟ್’ ಅಂತ ಇದ್ದರೆ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಬಳಸಿದ್ದಾರೆ ಅಂತ ಅರ್ಥ.

ನಿಮ್ಮ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಗೆರೆ ಎಳೆಯಿರಿ. ರೂಪಾಯಿ ಪಕ್ಕದಲ್ಲಿ ಗ್ರಾಂ. ಎಲ್ಲದಕ್ಕೂ ಬೇಡ, ಸುಮ್ನೆ ತಲೆಬಿಸಿ. ಎಣ್ಣೆ, ಚಹಾ, ಕಾಫಿ, ಸೋಪು, ಬಟ್ಟೆ ಸೋಪಿನ ಪುಡಿ, ಬಿಸ್ಕೆಟ್, ಇಷ್ಟು ಸಾಕು. ತಿಂಗಳಿಗೊಮ್ಮೆ 100 ಗ್ರಾಂ ಲೆಕ್ಕ ಹಾಕಿ. ಏರಿದ ತಿಂಗಳು ಬ್ರಾಂಡ್ ಬದಲಾಯಿಸಿ ನೋಡಿ. ಐದು ಮನೆಯವರು ಸೇರಿ ಬದಲಾಯಿಸಿದರೆ ಅಂಗಡಿಯವನು ಡಿಸ್ಟ್ರಿಬ್ಯೂಟರಿಗೆ ಹೇಳುತ್ತಾನೆ. ಆ ಮಾತು ಕಂಪನಿಯವರೆಗೆ ಬರುತ್ತದೆ. ನಾನು ಕೂತಿದ್ದ ಮೇಜಿಗೂ ಬರುತ್ತಿತ್ತು, ನಾವು ಅದಕ್ಕೆ ಹೆದರುತ್ತಿದ್ದೆವು.

ಆ ಎರಡು ಪ್ಯಾಕೆಟ್ಟುಗಳನ್ನು ಎಸೆಯಬೇಡಿ. ತೂಕ, ಎಂಆರ್‌ಪಿ, ತಯಾರಾದ ತಿಂಗಳು, ಬ್ಯಾಚ್ ನಂಬರ್ ಕಾಣುವ ಹಾಗೆ ಅಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. 1915ಕ್ಕೆ ದೂರು ಕೊಡುವಾಗ ಎರಡೇ ಪ್ರಶ್ನೆ ಕೇಳಿ: ಸೆಪ್ಟೆಂಬರ್ 22ಕ್ಕೆ ಮೊದಲು ಈ ಪ್ಯಾಕೆಟ್ಟಿನ ತೂಕ ಎಷ್ಟಿತ್ತು, ನವೆಂಬರಿನ ನಂತರ ಇಳಿಸಿದ್ದು ಯಾಕೆ. ಕಂಪನಿಯ ಉತ್ತರ ಬಂದ ಮೇಲೆ ನನಗೆ ಕಳಿಸಿ, ಮುಂದೇನು ಬರೆಯಬೇಕು ಅಂತ ಇಬ್ಬರೂ ಕೂತು ನೋಡೋಣ.